ರಣಭೂಮಿಯ ದಾದಿ
(ಹಂಪನಕಟ್ಟೆಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ಈ ಹಂಪನಕಟ್ಟೆಗೆ ಅಪ್ಪಣ್ಣನೆಂಬವನ ಕಟ್ಟೆಯಿಂದ ಹೆಸರು ಬಂದಿತೆಂದೂ, ಆತನು ಬಾಯಾರಿದ ದಾರಿಗರಿಗೆ ನೀರು ಕೊಡುತ್ತಿದ್ದನೆಂದೂ ಹಿರಿಯರ ಹೇಳಿಕೆಯುಂಟು. 1848ರಲ್ಲಿ ಸ್ಥಾಪಿತವಾದ ವೆನ್ಲಾಕ್ ಆಸ್ಪತ್ರೆಯೂ ಇಲ್ಲಿಯೇ ನಿಂತಿದೆ. ಶುಶ್ರೂಷೆಯ ಮಾತನ್ನಾಡಲು ಇದಕ್ಕಿಂತ ತಕ್ಕ ಸ್ಥಳವು ಯಾವುದು? ನಾನಿಂದು ಹೇಳಬೇಕೆಂದಿರುವುದು ಚೀನದೇಶದ ಒಬ್ಬ ದಾದಿಯ ಚರಿತ್ರೆ. ಆಕೆಯ ಬಾಳು ಕನ್ನಡ ಮರಾಠಿಗಳೆರಡೂ ಬೆರೆತು ಕೇಳಿಬರುವ, ನಮ್ಮ ನಾಡಿನ ಅಂಚಿನ ಸೊಲ್ಲಾಪುರದೊಡನೆ ಬೆಸೆದುಕೊಂಡುದು.

ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿದ ಡಾಕ್ಟರ್ ದ್ವಾರಕಾನಾಥ ಕೋಟ್ಣೀಸರ ಕೀರ್ತಿಯನ್ನು ನೀವು ಬಲ್ಲಿರಿ. ಜಪಾನು ಚೀನದ ಮೇಲೆ ದಂಡೆತ್ತಿದಾಗ, ಸುಭಾಷ್‌ಚಂದ್ರ ಬೋಸರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ಸು 1938ರಲ್ಲಿ ಅಲ್ಲಿಗೆ ಐವರು ವೈದ್ಯರನ್ನು ಕಳುಹಿಸಿತು. ಅವರಲ್ಲಿ ಇವರೊಬ್ಬರು. 1946ರಲ್ಲಿ ಶಾಂತಾರಾಮರು ಇವರ ಕಥೆಯನ್ನು ಚಲಚ್ಚಿತ್ರವಾಗಿಸಿದರು. ಅದರಲ್ಲಿ ವೈದ್ಯರ ಪತ್ನಿಯಾಗಿ ಬರುವ ಚೀನೀ ಯುವತಿಯನ್ನು ಲಕ್ಷಾಂತರ ಜನರು ಕಂಡರು. ಆದರೆ ಆಕೆಯ ನಿಜವಾದ ಹೆಸರನ್ನು ಬಲ್ಲವರೆಷ್ಟು ಮಂದಿ? ಆಕೆಯೇ ಗುವೊ ಚಿಂಗ್‌ಲಾನ್.

1916ರಲ್ಲಿ ಹುಟ್ಟಿದ ಆಕೆಯು ಪೀಕಿಂಗಿನ ದೊಡ್ಡ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು. ಆ ನಗರವು ಶತ್ರುವಿನ ವಶವಾದ ಬಳಿಕ ಅದನ್ನು ತೊರೆದು, ಉತ್ತರದ ಗುಡ್ಡಗಾಡಿನಲ್ಲಿ ಹೋರಾಡುತ್ತಿದ್ದ ಎಂಟನೆಯ ಮಾರ್ಗ ಸೇನೆಯ ಆಸ್ಪತ್ರೆಯನ್ನು ಸೇರಿದಳು. ಅಲ್ಲಿನ ಕಷ್ಟವೆಂತಹುದು? ಕೆನಡಾದಿಂದ ಬಂದಿದ್ದ ಶಸ್ತ್ರವೈದ್ಯ ನಾರ್ಮನ್ ಬೆಥೂನರು ಚಿಕಿತ್ಸೆ ಮಾಡುವಾಗ ಬೆರಳಿಗಾದ ಗಾಯವು ನಂಜೇರಿ 1939ರ ನವೆಂಬರಿನಲ್ಲಿ ತೀರಿಕೊಂಡರು. ವೈದ್ಯನಿಗಿದ್ದ ಅಪಾಯವು ದಾದಿಗೆ ಇಲ್ಲದಿರುವುದೇ?

1940ರ ಘೋರ ಕಾಳಗದಲ್ಲಿ ಕೋಟ್ಣೀಸರು ಹದಿಮೂರು ದಿನಗಳಲ್ಲಿ ಸುಮಾರು 800 ಗಾಯಾಳುಗಳಿಗೆ ಚಿಕಿತ್ಸೆ ಮಾಡಿದರೆಂದು ಚರಿತ್ರೆಯು ಹೇಳುತ್ತದೆ. ಸಜ್ಜನರೇ, ಈ ಲೆಕ್ಕವನ್ನು ಕೇಳಿ ನಾವು ಬೆರಗಾಗುತ್ತೇವೆ. ಆದರೆ ಲೆಕ್ಕವು ಅಲ್ಲಿಗೇ ನಿಲ್ಲತಕ್ಕದ್ದಲ್ಲ. ಶಸ್ತ್ರವೈದ್ಯನ ಕೆಲಸವು ಒಂದು ಗಳಿಗೆಯಲ್ಲಿ ಮುಗಿದೀತು. ದಾದಿಯ ಕೆಲಸವು ಅಲ್ಲಿಂದಲೇ ಮೊದಲಾಗುವುದು. ಹುಣ್ಣು ತೊಳೆಯುವುದು, ಪಟ್ಟಿ ಬದಲಿಸುವುದು, ಜ್ವರದಲ್ಲಿ ತಾಯನ್ನು ಕರೆಯುವ ಹುಡುಗನ ಬಳಿಯಲ್ಲಿ ಇರುಳೆಲ್ಲ ಕುಳಿತಿರುವುದು—ಇವನ್ನು ಯಾರು ಲೆಕ್ಕವಿಟ್ಟರು?

ಗುವೊ ಚಿಂಗ್‌ಲಾನ್ ಶುಶ್ರೂಷೆಯನ್ನು ಮಾಡಿದುದಲ್ಲದೆ, ಬೆಥೂನರ ಹೆಸರಿನ ವೈದ್ಯಶಾಲೆಯಲ್ಲಿ ಅದನ್ನು ಕಲಿಸಿದಳು. 1941ರಲ್ಲಿ ಕೋಟ್ಣೀಸರನ್ನು ವರಿಸಿದಳು. ಮರುವರ್ಷ ಹುಟ್ಟಿದ ಮಗನಿಗೆ, ಭಾರತ ಚೀನಗಳೆರಡನ್ನೂ ಸೂಚಿಸುವ ‘ಯಿನ್‌ಹುವಾ’ ಎಂಬ ಹೆಸರಾಯಿತು. ಮಗುವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ, 1942ರ ಡಿಸೆಂಬರ್ 9ರಂದು, ಕೋಟ್ಣೀಸರು ಅಪಸ್ಮಾರದಿಂದ ಮಡಿದರು. ಇಪ್ಪತ್ತಾರರ ವಯಸ್ಸಿನಲ್ಲಿ ಆಕೆ ವಿಧವೆಯಾದಳು. ವೈದ್ಯವಿದ್ಯೆಯನ್ನು ಕಲಿಯುತ್ತಿದ್ದ ಆ ಮಗನೂ 1967ರಲ್ಲಿ ಗತಿಸಿದನು. ಇಷ್ಟನ್ನು ಸಹಿಸಿಯೂ ಆಕೆ ಪತಿಯ ನಾಡಿನ ನಂಟನ್ನು ಬಿಡಲಿಲ್ಲ. ಇಲ್ಲಿಗೆ ಬಂದಳು, ಸೊಲ್ಲಾಪುರದ ಬಂಧುಗಳನ್ನು ಕಂಡಳು. 2012ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ ಕಣ್ಮುಚ್ಚಿದಳು.

ಕೋಟ್ಣೀಸರಿಗೆ ಸ್ಮಾರಕಗಳುಂಟು, ಅದು ಯೋಗ್ಯವೇ ಸರಿ. ಆದರೆ ಗುವೊ ಚಿಂಗ್‌ಲಾನಳನ್ನು ನಾವು ಅವರ ಪತ್ನಿಯೆಂದು ಮಾತ್ರ ನೆನೆಯುವುದು ನ್ಯಾಯವಲ್ಲ. ಅವರನ್ನು ಕಾಣುವ ಮೊದಲೇ ಆಕೆ ದಾದಿಯಾಗಿದ್ದಳು.

ಇದು ದೂರದೇಶದ ಮಾತೆಂದು ತಿಳಿಯಬೇಡಿರಿ. ನಮ್ಮ ತುಳುನಾಡಿನ ಹೆಣ್ಣುಮಕ್ಕಳು ದಾದಿಯರಾಗಿ ದೇಶದೇಶಗಳಲ್ಲಿ ದುಡಿಯುತ್ತಿದ್ದಾರೆ. 2020ರ ಮಹಾಮಾರಿಯಲ್ಲಿ ಅಂತಹವರಿಗಾಗಿ ನಾವು ಚಪ್ಪಾಳೆ ತಟ್ಟಿದೆವು. ಅದೇ ದಿನಗಳಲ್ಲಿ ದೇಶದ ಹಲವೆಡೆ ಬಾಡಿಗೆಯ ಮನೆಯನ್ನು ಬಿಟ್ಟು ಹೋಗೆಂದು ದಾದಿಯರಿಗೆ ಹೇಳಿದವರೂ ನಮ್ಮವರೇ. ಸೇವೆಯು ಬೇಕು, ಸೇವಕಿಯು ನೆರೆಯಲ್ಲಿ ಬೇಡವೆಂದರೆ ಅದೆಂತಹ ಕೃತಜ್ಞತೆ?

ಉಪಾಧ್ಯಾಯರೇ, ನಿಮ್ಮಲ್ಲಿ ಒಂದೇ ಬಿನ್ನಹ. ಮಕ್ಕಳಿಗೆ ಯುದ್ಧಗಳ ಕಥೆಯನ್ನು ಹೇಳುವಾಗ, ಗೆದ್ದವರಾರು ಎಂಬುದರ ಜೊತೆಗೆ ಗಾಯಗಳನ್ನು ಕಟ್ಟಿದವರಾರು ಎಂಬುದನ್ನೂ ಹೇಳಿರಿ. ಅವರ ಹೆಸರು ಹಿಡಿದು ಹೇಳಿರಿ.