ಯಂತ್ರಕ್ಕೆ ಬರೆದುಕೊಟ್ಟ ಪಟ್ಟಿಗಳು ಒಂದನ್ನೊಂದು ವಿರೋಧಿಸಿದಾಗ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಉಪನ್ಯಾಸದ ಪಾಠ)



ಇಂದಿನ ವಿಷಯ ಇಂಜಿನಿಯರುಗಳಿಗೆ ಮಾತ್ರ ಸಂಬಂಧಪಟ್ಟದ್ದೆಂದು ಕೆಲವರಿಗೆ ತೋರಬಹುದು. ಹಾಗೆ ತಿಳಿಯಬೇಕಾಗಿಲ್ಲ. ನಮ್ಮಲ್ಲಿ ಅನೇಕರು ಕಚೇರಿಯ ಕಡತಗಳ ನಡುವೆ ದಿನ ಕಳೆಯುವವರು. ಇನ್ನು ಕೆಲವರು ಕಾರ್ಖಾನೆಗಳಲ್ಲಿ ಯಂತ್ರಗಳನ್ನು ಜೋಡಿಸುವವರು, ಪರೀಕ್ಷಿಸುವವರು. ಈ ವಿಷಯವನ್ನು ಗ್ರಹಿಸಲು ಬೇಕಾದ ಅನುಭವ ಇಬ್ಬರಿಗೂ ಉಂಟು. ಏಕೆಂದರೆ ಇದು ಮೂಲತಃ ಒಂದರ ಮೇಲೊಂದು ಬಂದ ಆದೇಶಗಳ ಕಥೆ.

ಮನೆಯ ಗೋಡೆಯ ಮೇಲಿರುವ ವೈಫೈ ರೌಟರ್, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ, ಬಸ್ಸಿನಲ್ಲಿ ಕಂಡಕ್ಟರರ ಕೈಯಲ್ಲಿರುವ ಟಿಕೆಟ್ ಯಂತ್ರ — ಇವುಗಳ ಹೊಟ್ಟೆಯಲ್ಲೆಲ್ಲ ಒಂದೊಂದು ಪುಟ್ಟ ಕಂಪ್ಯೂಟರು ಇರುತ್ತದೆ. ಅದು ಏನು ಮಾಡಬೇಕೆಂಬುದನ್ನು ಒಳಗಿನ ಚಿಪ್ಪಿನಲ್ಲಿ ಬರೆದಿಟ್ಟಿರುತ್ತಾರೆ. ಆ ಬರಹಕ್ಕೆ ಫರ್ಮ್‌ವೇರ್ ಎಂದು ಹೆಸರು.

ಪ್ರತಿಯೊಂದು ಯಂತ್ರಕ್ಕೂ ಈ ಬರಹವನ್ನು ಹೊಸದಾಗಿ ಬರೆಯುತ್ತ ಕುಳಿತರೆ ಕೆಲಸ ಸಾಗದು. ಲೀನಸ್ ಟೋರ್ವಾಲ್ಡ್ಸ್ ಎಂಬುವರು 1991ರಲ್ಲಿ ಆರಂಭಿಸಿದ ಲಿನಕ್ಸ್ ಎಂಬ ತಂತ್ರಾಂಶವನ್ನೇ ಲೆಕ್ಕವಿಲ್ಲದಷ್ಟು ಬಗೆಯ ಯಂತ್ರಗಳು ಬಳಸುತ್ತವೆ. ಅದರಲ್ಲಿ ಬೇಕು ಅಥವಾ ಬೇಡ ಎಂದು ಹೇಳಬೇಕಾದ ಆಯ್ಕೆಗಳು ಹತ್ತು ಸಾವಿರಕ್ಕೂ ಮಿಕ್ಕಿ ಇವೆ. ಎಲ್ಲವನ್ನೂ ತುಂಬಲು ಯಂತ್ರದಲ್ಲಿ ಜಾಗವಿರುವುದಿಲ್ಲ. 2002ರ ಕೊನೆಯಲ್ಲಿ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ಪ್ರಸಿದ್ಧ ರೌಟರಿನ ಮೊದಮೊದಲ ಮಾದರಿಗಳಲ್ಲಿ ಫರ್ಮ್‌ವೇರಿಗೆ ಇದ್ದ ಜಾಗ 4 ಮೆಗಾಬೈಟು ಮಾತ್ರ. ಆದುದರಿಂದ ಈ ಯಂತ್ರಕ್ಕೆ ಯಾವುದು ಬೇಕು, ಯಾವುದು ಬೇಡ ಎಂಬ ಪಟ್ಟಿಯೊಂದನ್ನು ಮೊದಲು ಬರೆದುಕೊಡಬೇಕಾಗುತ್ತದೆ. ಅದೇ ಕಾನ್ಫಿಗರೇಷನ್ ಫೈಲು. ನಾವು ಅದನ್ನು ಆಯ್ಕೆಪಟ್ಟಿ ಎಂದು ಕರೆಯೋಣ. ಲಿನಕ್ಸಿನಲ್ಲಿ ಈ ಆಯ್ಕೆಗಳ ನಿಯಮಗಳನ್ನು ಕೆಕಾನ್ಫಿಗ್ ಎಂಬ ಪದ್ಧತಿಯಲ್ಲಿ ಬರೆಯುತ್ತಾರೆ. 2002ರಲ್ಲಿ ಲಿನಕ್ಸಿಗೆ ಸೇರಿದ ಈ ಪದ್ಧತಿಯನ್ನು ಇಂದು ಬಿಲ್ಡ್‌ರೂಟ್, ಓಪನ್‌ಡಬ್ಲ್ಯುಆರ್‌ಟಿ, ಝೆಫಿರ್ ಮೊದಲಾದ ಇತರ ಯೋಜನೆಗಳೂ ಅನುಸರಿಸುತ್ತವೆ.

ಪಟ್ಟಿಯನ್ನು ಒಬ್ಬರೇ ಬರೆದರೆ ತೊಂದರೆ ಕಡಮೆ. ಆದರೆ ಚಿಪ್ಪು ಮಾಡಿದವರು ಒಂದು ಪಟ್ಟಿ ಕೊಡುತ್ತಾರೆ. ಬೋರ್ಡು ಮಾಡಿದವರು ಇನ್ನೊಂದನ್ನು ಸೇರಿಸುತ್ತಾರೆ. ಕೊನೆಗೆ ಯಂತ್ರವನ್ನು ಮಾರಾಟಕ್ಕೆ ಸಿದ್ಧಪಡಿಸುವವರು ತಮ್ಮದೊಂದು ತುಂಡುಪಟ್ಟಿಯನ್ನು ಮೇಲೆ ಇಡುತ್ತಾರೆ. ಇವನ್ನೆಲ್ಲ ಕೂಡಿಸಿ ಅಂತಿಮ ಪಟ್ಟಿ ಮಾಡುವುದು ಒಂದು ಉಪಕರಣದ ಕೆಲಸ. ವಿರೋಧ ಹುಟ್ಟುವುದು ಇಲ್ಲಿ. ಅದು ನಾಲ್ಕು ಬಗೆಯದು.

ಮೊದಲನೆಯದು, ಒಂದೇ ಪ್ರಶ್ನೆಗೆ ಎರಡು ಉತ್ತರ. ಒಂದು ಪಟ್ಟಿ ಹೌದು ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. ಕೇಂದ್ರ ಕಚೇರಿಯ ಸುತ್ತೋಲೆಯೊಂದು, ಶಾಖೆಯ ಸುತ್ತೋಲೆಯೊಂದು ಬಂದರೆ ಗುಮಾಸ್ತನು ಯಾರ ಅಧಿಕಾರ ದೊಡ್ಡದು ಎಂದು ನೋಡುತ್ತಾನೆ. ಉಪಕರಣಕ್ಕೆ ಅಧಿಕಾರದ ಮೇಲುಕೀಳು ತಿಳಿಯದು; ಸಾಲಿನಲ್ಲಿ ಕೊನೆಗೆ ಬಂದದ್ದೇ ಅದಕ್ಕೆ ಸತ್ಯ. ಹಿಂದಿನ ಬೆಲೆಯನ್ನು ಬದಲಿಸಲಾಗಿದೆ ಎಂದು ಒಂದು ಸಾಲು ಹೇಳಿ ಅದು ಮುಂದಕ್ಕೆ ಹೋಗುತ್ತದೆ. ನೂರಾರು ಸಾಲುಗಳ ನಡುವೆ ಆ ಒಂದು ಸಾಲನ್ನು ಓದುವವರು ವಿರಳ.

ಎರಡನೆಯದು, ಮಂಜೂರಾತಿ ಇಲ್ಲದ ಬಿಲ್ಲು. ಕೆಲವು ಆಯ್ಕೆಗಳು ಬೇರೊಂದನ್ನು ಅವಲಂಬಿಸಿರುತ್ತವೆ. ಆ ಮೇಲಿನ ಆಯ್ಕೆಗೆ ಹೌದು ಎನ್ನದೆ ಕೆಳಗಿನದಕ್ಕೆ ಮಾತ್ರ ಹೌದು ಎಂದು ಬರೆದರೆ ಅದು ಸಲ್ಲುವುದಿಲ್ಲ. ಖಜಾನೆಯವರಾದರೆ ಅಂಥ ಬಿಲ್ಲನ್ನು ಆಕ್ಷೇಪಣೆ ಬರೆದು ಹಿಂದಿರುಗಿಸುತ್ತಾರೆ. ಇಲ್ಲಿ ಹಾಗಲ್ಲ. ಬಿಲ್ಲು ಸದ್ದಿಲ್ಲದೆ ಕಸದ ಬುಟ್ಟಿಗೆ ಬೀಳುತ್ತದೆ, ಕೆಲಸ ಮುಂದುವರಿಯುತ್ತದೆ. ಕೇಳಿದ್ದು ಅಂತಿಮ ಪಟ್ಟಿಯಲ್ಲಿಲ್ಲ ಎಂದು ಕೂಡಿಸುವ ಉಪಕರಣ ಕೊನೆಯಲ್ಲಿ ಹೇಳುವುದುಂಟು; ಆದರೆ ಸಾಮಾನ್ಯವಾಗಿ ಅದರಿಂದ ಕೆಲಸ ನಿಲ್ಲುವುದಿಲ್ಲ.

ಮೂರನೆಯದು ಇದಕ್ಕೆ ವಿರುದ್ಧವಾದದ್ದು. ಒಂದು ಆಯ್ಕೆಯು ಇನ್ನೊಂದನ್ನು ಬಲವಂತವಾಗಿ ಎಳೆದು ತರಬಲ್ಲುದು. ಸೆಲೆಕ್ಟ್ ಎಂಬ ನಿಯಮ ಅಂಥದು. ಎಳೆದು ತಂದದ್ದಕ್ಕೆ ಬೇಕಾದ ಮೇಲಿನ ಮಂಜೂರಾತಿ ಇದೆಯೇ ಎಂದು ಅದು ನೋಡುವುದಿಲ್ಲ. ನಾವು ಬೇಡವೆಂದದ್ದು ಹೀಗೆ ಒಳಗೆ ಬಂದು ಕುಳಿತಿರುತ್ತದೆ. ಈ ನಿಯಮವನ್ನು ಎಚ್ಚರದಿಂದ ಬಳಸಬೇಕೆಂದು ಲಿನಕ್ಸಿನ ಕೈಪಿಡಿಯೇ ಹೇಳುತ್ತದೆ.

ನಾಲ್ಕನೆಯದು, ಹಳೆಯ ಪಟ್ಟಿ ಮತ್ತು ಹೊಸ ಆವೃತ್ತಿ. ತಂತ್ರಾಂಶ ಬೆಳೆದಂತೆ ಹೊಸ ಪ್ರಶ್ನೆಗಳು ಸೇರುತ್ತವೆ, ಹಳೆಯ ಹೆಸರುಗಳು ಮಾಯವಾಗುತ್ತವೆ. ಹಳೆಯ ಪಟ್ಟಿಯನ್ನು ಹೊಸದಕ್ಕೆ ಹೊಂದಿಸಲು ಎರಡು ದಾರಿಗಳಿವೆ. ಓಲ್ಡ್‌ಕಾನ್ಫಿಗ್ ಎಂಬ ದಾರಿ ಪ್ರತಿಯೊಂದು ಹೊಸ ಪ್ರಶ್ನೆಯನ್ನೂ ನಮ್ಮ ಮುಂದಿಟ್ಟು ಉತ್ತರ ಕೇಳುತ್ತದೆ. ಓಲ್ಡ್‌ಡೆಫ್‌ಕಾನ್ಫಿಗ್ ಎಂಬುದು ಏನನ್ನೂ ಕೇಳದೆ ರೂಢಿಯ ಉತ್ತರವನ್ನು ತಾನೇ ತುಂಬುತ್ತದೆ. ಅವಸರದಲ್ಲಿರುವವರಿಗೆ ಎರಡನೆಯದೇ ಪ್ರಿಯ.

ಇಲ್ಲಿ ಗುಮಾಸ್ತರಿಗೆ ಕೂಡಲೆ ತಿಳಿಯುವ ಒಂದು ಸೂಕ್ಷ್ಮವಿದೆ. ಬಹುತೇಕ ಫೈಲುಗಳಲ್ಲಿ ಹ್ಯಾಷ್ ಗುರುತಿನಿಂದ ಆರಂಭವಾಗುವ ಸಾಲು ಬರಿಯ ಟಿಪ್ಪಣಿ, ತೆಗೆದುಹಾಕಿದರೆ ನಷ್ಟವಿಲ್ಲ. ಈ ಪಟ್ಟಿಯಲ್ಲಿ ಮಾತ್ರ, ಹ್ಯಾಷ್ ಹಾಕಿ ಇಂಥದನ್ನು ಆರಿಸಿಲ್ಲ ಎಂದು ಬರೆದ ಸಾಲೇ ಇಲ್ಲ ಎಂಬ ಉತ್ತರ. ಪಟ್ಟಿಯನ್ನು ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿ ಯಾರಾದರೂ ಅದನ್ನು ಅಳಿಸಿದರೆ ಉತ್ತರವೇ ಅಳಿದಂತಾಗಿ, ಅಲ್ಲಿ ರೂಢಿಯ ಉತ್ತರ ಬಂದು ಕೂಡುತ್ತದೆ. ಅದು ಹೌದು ಎಂದೂ ಇರಬಹುದು. ಫಾರಮಿನಲ್ಲಿ ಖಾಲಿ ಬಿಟ್ಟ ಕಾಲಮ್ಮೂ ಇಲ್ಲ ಎಂದು ತುಂಬಿದ ಕಾಲಮ್ಮೂ ಒಂದೇ ಅಲ್ಲವೆಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ.

ಇಷ್ಟಕ್ಕೆ ಏಕೆ ಇಷ್ಟು ಚಿಂತೆ ಎಂದು ಕೇಳಬಹುದು. ಒಂದು ಉದಾಹರಣೆಯಿಂದ ವಿಶದಪಡಿಸುತ್ತೇನೆ. ಇಂಥ ಯಂತ್ರಗಳಲ್ಲಿ ವಾಚ್‌ಡಾಗ್ ಎಂಬ ಕಾವಲು ಗಡಿಯಾರ ಇರುವುದುಂಟು. ನಿಯಮಿತ ಕಾಲಕ್ಕೊಮ್ಮೆ ತಂತ್ರಾಂಶವು ಅದಕ್ಕೆ ನಾನು ಎಚ್ಚರವಾಗಿದ್ದೇನೆ ಎಂದು ಸುಳುಹು ಕೊಡುತ್ತಿರಬೇಕು. ಸುಳುಹು ತಪ್ಪಿದರೆ ಗಡಿಯಾರವು ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸುತ್ತದೆ. ಲಿನಕ್ಸಿನಲ್ಲಿ ಪ್ರತಿಯೊಂದು ಚಿಪ್ಪಿನ ಕಾವಲು ಗಡಿಯಾರವೂ ವಾಚ್‌ಡಾಗ್ ಎಂಬ ಮೇಲಿನ ಆಯ್ಕೆಯ ಕೆಳಗೆ ಬರುತ್ತದೆ. ತುಂಡುಪಟ್ಟಿಯಲ್ಲಿ ಚಿಪ್ಪಿನ ಹೆಸರನ್ನು ಬರೆದು, ಮೇಲಿನ ಆಯ್ಕೆ ಬೇರೊಂದು ಪಟ್ಟಿಯಿಂದ ಆರಿಹೋಗಿದ್ದರೆ ಏನಾಗುತ್ತದೆ? ಫರ್ಮ್‌ವೇರ್ ಸಿದ್ಧವಾಗುತ್ತದೆ. ಯಂತ್ರ ಹೊತ್ತಿಕೊಳ್ಳುತ್ತದೆ. ಪರೀಕ್ಷೆಯಲ್ಲಿಯೂ ತೇರ್ಗಡೆಯಾಗುತ್ತದೆ, ಏಕೆಂದರೆ ಪರೀಕ್ಷೆಯ ಹೊತ್ತಿನಲ್ಲಿ ಅದು ನಿದ್ದೆ ಹೋಗಲಿಲ್ಲ. ಎಷ್ಟೋ ತಿಂಗಳ ಮೇಲೆ ಎಲ್ಲೋ ದೂರದ ನೀರಿನ ಟ್ಯಾಂಕಿನ ಬಳಿ ಯಂತ್ರ ಸ್ತಬ್ಧವಾದಾಗ ಎಬ್ಬಿಸಲು ಕಾವಲುಗಾರನಿಲ್ಲ. ಊರಿಗೆ ನೀರಿಲ್ಲ. ಆಗ ದೂರು ಕೇಳಬೇಕಾದವನು ಪಟ್ಟಿ ಬರೆದವನಲ್ಲ. ಬಿಸಿಲಿನಲ್ಲಿ ಏಣಿ ಹತ್ತುವ ರಿಪೇರಿಯವನು.

ಮೌನಂ ಸಮ್ಮತಿಲಕ್ಷಣಂ ಎನ್ನುತ್ತಾರೆ. ಈ ಕೆಲಸದಲ್ಲಿ ಆ ಮಾತು ಸಲ್ಲದು. ಉಪಕರಣ ಸುಮ್ಮನಿದ್ದರೆ ಒಪ್ಪಿತೆಂದು ಅರ್ಥವಲ್ಲ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದೇ: ಕೆಲಸವನ್ನು ತಡೆದು ನಿಲ್ಲಿಸುವ ವಿರೋಧ ನಮ್ಮ ಮಿತ್ರ; ಸದ್ದಿಲ್ಲದೆ ತೀರ್ಮಾನವಾಗಿಬಿಡುವ ವಿರೋಧವೇ ಅಪಾಯಕರ.

ಇದನ್ನು ಚೆನ್ನಾಗಿ ಮನಗಂಡವರೂ ಉಂಟು. ಪ್ಲಾಸ್ಟಿಕ್ಕನ್ನು ಕರಗಿಸಿ ಪದರಪದರವಾಗಿ ವಸ್ತುಗಳನ್ನು ಮಾಡುವ ತ್ರೀ-ಡಿ ಪ್ರಿಂಟರುಗಳಲ್ಲಿ ಮಾರ್ಲಿನ್ ಎಂಬ ಫರ್ಮ್‌ವೇರ್ 2011ರಿಂದ ಬಳಕೆಯಲ್ಲಿದೆ. ಅದರ ಆಯ್ಕೆಪಟ್ಟಿಗಳು ಎರಡು. ಪ್ರತಿಯೊಂದರಲ್ಲಿಯೂ ಇದು ಯಾವ ಆವೃತ್ತಿಯ ಪಟ್ಟಿ ಎಂಬ ಸಂಖ್ಯೆ ಇರುತ್ತದೆ. ಹಳೆಯ ಪಟ್ಟಿಯನ್ನು ಹೊಸ ಮಾರ್ಲಿನ್ನಿಗೆ ಕೊಟ್ಟರೆ, ಇದು ಹಳೆಯದು, ಸರಿಪಡಿಸಿಕೊಂಡು ಬನ್ನಿ ಎಂದು ಅದು ಕೆಲಸವನ್ನು ಅಲ್ಲೇ ನಿಲ್ಲಿಸುತ್ತದೆ. ಒಂದಕ್ಕೊಂದು ಹೊಂದದ ಆಯ್ಕೆಗಳನ್ನು ತಡೆಯಲು ಬೇರೆ ಪರಿಶೀಲನೆಯೂ ಇದೆ. ಇದು ಹಟವಲ್ಲ. ಆ ಪಟ್ಟಿಯಲ್ಲಿ ಉಷ್ಣರಕ್ಷಣೆಯ ಆಯ್ಕೆಯಿದೆ. ಶಾಖವನ್ನು ಅಳೆಯುವ ತಂತಿ ಕಳಚಿಬಿದ್ದರೆ, ಕಾಯಿಸುತ್ತಿದ್ದರೂ ಶಾಖ ಏರುತ್ತಿಲ್ಲವೆಂದು ಗುರುತಿಸಿ ಹೀಟರನ್ನು ಆರಿಸುವುದು ಅದರ ಕೆಲಸ. ಅದೊಂದು ಸಾಲು ತಪ್ಪಿದರೆ ಹೀಟರು ಕಾಯುತ್ತಲೇ ಹೋಗಿ ಬೆಂಕಿಯ ಭಯವುಂಟು. ತಡೆ ಎದುರಾದಾಗ ಆ ಸಂಖ್ಯೆಯನ್ನು ಮಾತ್ರ ತಿದ್ದಿ ಮುಂದಕ್ಕೆ ಹೋಗುವ ಆಸೆ ಕೆಲವರಿಗೆ ಬರಬಹುದು. ಹಳೆಯ ಫಾರಮಿನ ತಾರೀಖು ತಿದ್ದುವುದಕ್ಕೂ ಇದಕ್ಕೂ ಭೇದವಿಲ್ಲ.

ಮನೆಯಲ್ಲಿ ಬಳಸುವವರಿಗೂ ಇದೇ ಪಾಠ. ರೌಟರುಗಳಿಗಾಗಿ 2004ರಲ್ಲಿ ಆರಂಭವಾದ ಓಪನ್‌ಡಬ್ಲ್ಯುಆರ್‌ಟಿಯು 2021ರ ತನ್ನ 21.02 ಎಂಬ ಆವೃತ್ತಿಯಲ್ಲಿ, ತಂತಿ ಸಿಕ್ಕಿಸುವ ಕಿಂಡಿಗಳನ್ನು ವಿವರಿಸುವ ಕ್ರಮವನ್ನು ಹಲವು ಮಾದರಿಗಳಲ್ಲಿ ಬದಲಾಯಿಸಿತು. ಆ ಮಾದರಿಗಳಲ್ಲಿ ಹಳೆಯ ಏರ್ಪಾಟನ್ನು ಉಳಿಸಿಕೊಂಡು ಹೊಸದಕ್ಕೆ ಏರಲು ಅದು ಒಪ್ಪಲಿಲ್ಲ, ಹೊಸದಾಗಿ ತುಂಬಿರೆಂದಿತು. ಬಳಸುವವರಿಗೆ ತುಸು ಶ್ರಮವಾಯಿತೆಂಬುದು ನಿಜ. ಆದರೂ ಅರ್ಥವಾಗದ ಹಳೆಯ ಪಟ್ಟಿಯನ್ನು ನುಂಗಿ ಸಂಪರ್ಕವೇ ಕಡಿದುಹೋಗುವುದಕ್ಕಿಂತ ಅದು ಮೇಲು.

ಇನ್ನು ಮಾಡಬೇಕಾದುದು. ಈ ಕೆಲಸದಲ್ಲಿರುವ, ಇಲ್ಲವೆ ಮುಂದೆ ಸೇರಲಿರುವ ನಮ್ಮ ತರುಣ ತರುಣಿಯರು ನಾಲ್ಕು ಅಭ್ಯಾಸಗಳನ್ನು ಇಟ್ಟುಕೊಳ್ಳಲಿ.

ಮೊದಲನೆಯದಾಗಿ, ತಾವು ಬರೆದ ತುಂಡುಪಟ್ಟಿಯನ್ನಲ್ಲ, ಕೊನೆಗೆ ಹೊರಬಂದ ಪಟ್ಟಿಯನ್ನು ಓದಿ. ಯಂತ್ರ ಪಾಲಿಸುವುದು ಅದನ್ನೇ. ಹತ್ತು ಸಾವಿರ ಸಾಲುಗಳನ್ನೂ ಓದಬೇಕಾಗಿಲ್ಲ. ತಪ್ಪಿದರೆ ಹಾನಿಯಾಗುವ ಹತ್ತಿಪ್ಪತ್ತು ಆಯ್ಕೆಗಳನ್ನು ಕಾಗದದಲ್ಲಿ ಬರೆದುಕೊಂಡು ಪ್ರತಿ ಬಾರಿಯೂ ತಾಳೆ ನೋಡಿ. ಈ ತಾಳೆಯನ್ನು ಉಪಕರಣಕ್ಕೇ ವಹಿಸಿ, ಒಂದು ತಪ್ಪಿದರೂ ಕೆಲಸ ನಿಲ್ಲುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ಎರಡನೆಯದಾಗಿ, ಇಡೀ ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸಬೇಡಿ. ರೂಢಿಗಿಂತ ಭಿನ್ನವಾದ ಸಾಲುಗಳನ್ನು ಮಾತ್ರ ಉಳಿಸಿಕೊಡುವ ಸೇವ್‌ಡೆಫ್‌ಕಾನ್ಫಿಗ್ ಎಂಬ ಸೌಲಭ್ಯವಿದೆ. ಆಗ ಇಬ್ಬರು ಮಾಡಿದ ಬದಲಾವಣೆಗಳನ್ನು ಹೋಲಿಸುವುದು ಸುಲಭ. ಆದರೆ ಆವೃತ್ತಿ ಬದಲಾದಾಗ ರೂಢಿಯೇ ಬದಲಾಗಬಹುದು. ಆದುದರಿಂದ ಮೊದಲು ಹೇಳಿದ ತಾಳೆಯನ್ನು ಬಿಡುವಂತಿಲ್ಲ.

ಮೂರನೆಯದಾಗಿ, ಏಕೆ ಎಂಬುದನ್ನು ಬರೆದಿಡಿ. ಉಪಕರಣ ಬರೆಯುವ ಪಟ್ಟಿಯಲ್ಲಿ ನಮ್ಮ ಟಿಪ್ಪಣಿ ಉಳಿಯುವುದಿಲ್ಲ. ನಾವು ಕೈಯಾರೆ ಬರೆದ ತುಂಡುಪಟ್ಟಿಯಲ್ಲಿ ಉಳಿಯುತ್ತದೆ. ಈ ಸಾಲು ಏಕೆ ಇದೆಯೆಂದು ತಿಳಿಯದವನು ಒಂದು ದಿನ ಅದನ್ನು ಅಳಿಸಿಯೇ ಅಳಿಸುತ್ತಾನೆ.

ನಾಲ್ಕನೆಯದಾಗಿ, ಪರೀಕ್ಷಿಸುವ ಮೇಜಿನಲ್ಲಿ ಕುಳಿತವರು ಯಂತ್ರ ಹೊತ್ತಿಕೊಂಡಿತೆಂದು ಮುದ್ರೆ ಒತ್ತಬೇಡಿ. ಕಾವಲು ಗಡಿಯಾರ ಎಬ್ಬಿಸುತ್ತದೆಯೇ ಎಂದು ತಿಳಿಯಬೇಕಾದರೆ ಯಂತ್ರವನ್ನು ಬೇಕೆಂದೇ ಸ್ತಬ್ಧಗೊಳಿಸಿ ನೋಡಬೇಕು. ಕೇಳಲು ಸಂಕೋಚಪಡಬೇಡಿ. ಅಂತಿಮ ಪಟ್ಟಿಯನ್ನು ತೋರಿಸಿ ಎಂದು ಕೇಳುವುದು ಹಿರಿಯರ ಮೇಲಣ ಅವಿಶ್ವಾಸವಲ್ಲ; ಲೆಕ್ಕ ಸರಿದೂಗಿಸುವವನು ಮೂಲ ವೋಚರನ್ನು ಕೇಳುವಂಥದೇ ಇದು.

ನಮ್ಮ ಜನ ಪರವೂರುಗಳಲ್ಲಿ ಹೆಸರು ಗಳಿಸಿರುವುದು ಬಹುಮಟ್ಟಿಗೆ ಒಪ್ಪವಾದ ಕೆಲಸದಿಂದ. ಕಡತದ ಮೇಲಿನ ಆದೇಶಗಳನ್ನು ತಾರೀಖುವಾರು ತಿರುವಿ ನೋಡದೆ ಸಹಿ ಹಾಕದ ಆ ಹಳೆಯ ಅಭ್ಯಾಸ, ಈ ಹೊಸ ಯಂತ್ರಗಳ ಕಾಲಕ್ಕೂ ಅಷ್ಟೇ ಬೆಲೆಯುಳ್ಳದ್ದು.