ಗಿರಣಿ ಗೋಡೆಗೆ ಹಚ್ಚಿದ ಹಾಳಿ

 

ಅಕ್ಕಲಕೋಟ ತಾಲೂಕಿನ ನಾವು ಎಂಟು ಮಂದಿ ಕೂಡಿ ಆಹಾರ ಮತ್ತು ದೀರ್ಘಕಾಲದ ಕಾಯಿಲೆಗಳ ತಡೆ ಬಗ್ಗೆ ಆರು ವಾರದ ಒಂದು ಆನ್‌ಲೈನ್ ಕೋರ್ಸ್ ಮಾಡಿದ್ವಿ. ಸುರು ಮಾಡಿದವರು ಎಂಟು, ಮುಗಿಸಿದವರು ಐದು. ಉಳಿದ ಮೂವರು ರಾಶಿ ಬಂತಂತ ನಡುವೆ ಬಿಟ್ಟರು, ಅವರನ್ನ ಬೈಯೋ ಹಂಗಿಲ್ಲ. ಮಾಡಬೇಕು ಅನ್ನಿಸಿದ್ದು ಯಾಕಂದ್ರ, ನಮ್ಮ ಎಂಟು ಮನೆಗಳಲ್ಲಿ ಆರು ಮನೆಯಾಗ ಸಕ್ಕರೆ ಇಲ್ಲವೇ ಬಿ.ಪಿ. ಗುಳಿಗಿ ಅದಾವ. ನಮ್ಮೊಬ್ಬ ಗೆಳೆಯನ ಅಪ್ಪನ ಕಾಲಿನ ಹೆಬ್ಬೆರಳು ಹೋದ ವರ್ಷ ತೆಗೆದರು. ಚಪ್ಪಲಿ ಕಚ್ಚಿದ ಗಾಯ, ನೋವೇ ಆಗಿರಲಿಲ್ಲ ಅವರಿಗೆ. ಐಸಿಎಂಆರ್ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು: ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲ ಮೇಲೆ. ಆ ಹೊಸ್ತಿಲ ಮೇಲಿನವರಲ್ಲಿ ನಮ್ಮ ವಯಸ್ಸಿನವರೂ ಇದ್ದಾರೆ.

ಕೋರ್ಸ್ ಇಂಗ್ಲಿಷಿನಲ್ಲಿ. ನೆಟ್‌ವರ್ಕ್ ಸಿಗೋದು ಗುಡಿ ಕಟ್ಟೆ ಮೇಲೆ. ಒಬ್ಬರ ಫೋನು, ಸುತ್ತ ಎಂಟು ತಲೆ. ಎರಡು ನಿಮಿಷ ನೋಡೋದು, ನಿಲ್ಲಿಸೋದು, ಕನ್ನಡದಾಗ ಜಗಳಾಡೋದು. ಅದರಲ್ಲಿ ಬರುವ ಊಟ ಎಲ್ಲಾ ಓಟ್ಸ್, ಬ್ಲೂಬೆರಿ, ಆಲಿವ್ ಎಣ್ಣೆ. "ನಮ್ಮವ್ವ ಇದನ್ನ ನೋಡಿದ್ರ ಇವರಿಗೆ ಉಣ್ಣಾಕ ಏನೂ ಇಲ್ಲೇನು ಅಂತಾಳ" ಅಂತ ಒಬ್ಬಾಕಿ ಅಂದಳು. ನಗು ಮುಗಿದ ಮೇಲೆ ಕೆಲಸ ಸುರುವಾಯಿತು. ಓಟ್ಸ್ ಜಾಗಕ್ಕ ಜೋಳದ ರೊಟ್ಟಿ, ಬೀನ್ಸ್ ಜಾಗಕ್ಕ ಮಡಕಿಕಾಳು, ಸಲಾಡ್ ಜಾಗಕ್ಕ ಹಸಿ ಮೆಂತ್ಯ, ಮೂಲಂಗಿ, ಸವತಿಕಾಯಿ. ಪಾಠದ ಒಳಗಿನ ಮಾತು ಒಂದೇ: ನಾರು ಇರುವ ಕಾಳುಕಡಿ ಹೆಚ್ಚು, ಸಕ್ಕರೆ, ಉಪ್ಪು, ಕರಿದದ್ದು ಕಡಿಮೆ.

ಎರಡನೇ ವಾರ ಒಂದು ಮನೆಗೆಲಸ ಕೊಟ್ಟರು. ಮನೆಯ ಒಬ್ಬರು ಹಿಂದಿನ ದಿನ ತಿಂದದ್ದು, ಕುಡಿದದ್ದು ಎಲ್ಲಾ ಬರೀರಿ ಅಂತ. ಬೆರಳು ಕಳಕೊಂಡ ಅಪ್ಪನ ಮಗ ಅಪ್ಪನದನ್ನೇ ಬರೆದ. ಅವರು ಹೋಳಿಗೆ ಬಿಟ್ಟಿದ್ದರು, ಜಿಲೇಬಿ ಬಿಟ್ಟಿದ್ದರು. ಆದರೆ ದಿನಕ್ಕೆ ಏಳು ಚಹಾ, ಒಂದಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ ನಾಲ್ಕು ಗ್ರಾಂ ಅಂತ ಹಿಡಿದರೂ 56 ಗ್ರಾಂ. ದಿನಕ್ಕೆ 2000 ಕ್ಯಾಲರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೇಲಿನ ಮಿತಿ ಸುಮಾರು 50 ಗ್ರಾಂ. ಅದೂ ಸಕ್ಕರೆ ಬ್ಯಾನಿ ಇಲ್ಲದವರಿಗೂ ಹೇಳಿದ ಮಾತು. "ಚಹಾ ಸಿಹಿ ತಿನಿಸು ಹೆಂಗಾಗತೈತೋ?" ಅಂದರಂತೆ ಅವರು. ಅವರಿಗೆ ಆಸ್ಪತ್ರೆಯಲ್ಲಿ ಕೊಟ್ಟ ಹಾಳಿ ಮರಾಠಿಯದು. ಸಂತೆಯ ಮರಾಠಿ ಅವರಿಗೆ ನೀರು ಕುಡಿದಷ್ಟು ಸಲೀಸು, ಆದರೆ ಅಚ್ಚಾದ ಮರಾಠಿಯ 'ಕರ್ಬೋದಕೆ', 'ತಂತುಮಯ ಪದಾರ್ಥ' ಯಾರ ಬಾಯಲ್ಲಿ ಕೇಳಿದ್ದಾರೆ? ಮನೆಯಾಗ ಅಡುಗಿ ಮಾಡುವ ಅವ್ವ ಓದಿದ್ದು ಕನ್ನಡ ಶಾಲೆಯ ನಾಲ್ಕನೇತ್ತೆ. ಆ ಹಾಳಿ ಡಬ್ಬಿ ಕೆಳಗೆ ಹಾಸಿತ್ತು. ಮರಾಠಿಯ ಮೇಲೆ ನಮಗೆ ಸಿಟ್ಟಿಲ್ಲ, ಅದೂ ನಮ್ಮೂರ ಮಾತೇ. ಓದಲಾಗದ ಹಾಳಿಯಿಂದ ಒಂದು ಬೆರಳು ಹೋಯಿತು ಅಂತಲೂ ನಾವು ಹೇಳುವುದಿಲ್ಲ. ಆದರೆ ಏಳು ಚಹಾ ಯಾರ ಕಣ್ಣಿಗೂ ಬೀಳಲಿಲ್ಲ.

ಇನ್ನ ನಮ್ಮ ತಪ್ಪು. ಇದನ್ನ ಬಿಟ್ಟು ಮಾತಾಡಿದರ ನಿಮಗೆ ಮೋಸ ಮಾಡಿದಂಗ. ಮೂರನೇ ವಾರಕ್ಕೇ ನಮಗೆ ಡಾಕ್ಟರ್ ಆದ ಹುಮ್ಮಸ್ಸು. ನಮ್ಮಲ್ಲೊಬ್ಬ ಸೋದರಮಾವನಿಗೆ, "ಮಾವಾ, ಮೆಂತ್ಯ ನೆನೆಸಿ ತಿನ್ನು, ಜೋಳ ತಿನ್ನು, ಗುಳಿಗಿ ಯಾಕ ಬೇಕು" ಅಂದ. ಉಳಿದ ನಾವು ಹೂಂ ಅಂದ್ವಿ. ಮಾವ ಹುಡುಗ ಓದಿದಾನ ಅಂತ ನಂಬಿ ಗುಳಿಗಿ ನಿಲ್ಲಿಸಿದರು. ಇಪ್ಪತ್ತು ದಿನಕ್ಕೆ ಬಾಯಿ ಒಣಗಿ, ರಾತ್ರಿ ನಾಲ್ಕೈದು ಸಲ ಎದ್ದು, ಕಡೆಗೆ ಹೊಲದಾಗ ಕುಸಿದು ಕುಂತರು. ಮೂರು ದಿನ ಆಸ್ಪತ್ರೆ. ಅತ್ತಿ ನಮ್ಮನ್ನ ಬೈಯಲಿಲ್ಲ, ಚಹಾ ಕೊಟ್ಟಳು. ಬೈದಿದ್ದರ ಚೊಲೋ ಇತ್ತು. ಕೋರ್ಸಿನ ಮೊದಲ ವಿಡಿಯೋದಲ್ಲೇ, ಔಷಧಿ ಬದಲಿಸೋದು ವೈದ್ಯರ ಕೆಲಸ ಅಂತ ಹೇಳಿದ್ದರು. ಅದನ್ನ ನಾವು ಮುಂದಕ್ಕ ಓಡಿಸಿದ್ವಿ.

ಜೋಳದ ಬಗ್ಗೆಯೂ ನೆಟ್ಟಗೆ ಹೇಳಬೇಕು. ನಮ್ಮ ಮಾಲದಂಡಿ ಜೋಳ ಬಂಗಾರ, ಖರೆ. ನಾರು ಐತಿ, ರೊಟ್ಟಿಗೆ ಉಪ್ಪು ಹಾಕಂಗಿಲ್ಲ, ಅಗಿದು ತಿನ್ನಬೇಕು. ಆದರ ಅದೂ ಪಿಷ್ಟವೇ, ಸಕ್ಕರೆ ಏರಿಸತೈತಿ. ನಾಲ್ಕು ರೊಟ್ಟಿಗೆ ಒಂದು ಚಮಚ ಪಲ್ಯ ಅಲ್ಲ, ಎರಡು ರೊಟ್ಟಿಗೆ ಬಟ್ಟಲು ತುಂಬ ಕಾಳು, ತಪ್ಪಲ ಪಲ್ಯ. ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳದ ಉಪ್ಪನ್ನ ಯಾರೂ ಲೆಕ್ಕಕ್ಕೆ ಹಿಡಿಯಂಗಿಲ್ಲ. ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ, ಅಂದ್ರ ಒಂದು ಸಣ್ಣ ಚಮಚ ಮಾತ್ರ.

ಕೋರ್ಸಿನಲ್ಲಿ ನಮಗೆ ಹೆಚ್ಚು ನಾಟಿದ್ದು ಫಿನ್ಲೆಂಡಿನ ಉತ್ತರ ಕರೇಲಿಯಾ ಕಥೆ. ಅದೂ ಗಡಿ ನಾಡು, ಆಚೆ ರಷ್ಯಾ. ಹೈನುಗಾರರು, ಕಾಡಿನ ಕೆಲಸದವರು. ಬೆಣ್ಣೆ, ಕೆನೆಹಾಲು, ಉಪ್ಪು, ಸಿಗರೇಟು. ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಉದುರುತ್ತಿದ್ದರು. 1971ರಲ್ಲಿ ಅಲ್ಲಿಯ ಜನರೇ ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಕೆಲಸ ಸುರುವಾಯಿತು. ಮುಂದಾಳು ಪೆಕ್ಕಾ ಪುಸ್ಕಾ, ಆಗ ಇಪ್ಪತ್ತೇಳರ ಆಸುಪಾಸಿನ ಹುಡುಗ. ಭಾಷಣ ಬಿಗಿದು ಸುಮ್ಮನಾಗಲಿಲ್ಲ. ಊರ ಹೆಣ್ಣುಮಕ್ಕಳ ಸಂಘ ಹಳೇ ಅಡುಗೆಗೇ ಬೆಣ್ಣೆ ಕಡಿಮೆ ಮಾಡಿ, ತರಕಾರಿ ಸೇರಿಸಿ, ಕೂಡಿಸಿ ಉಣ್ಣಿಸಿತು. ಬೆಣ್ಣೆ ಬಿಟ್ಟರೆ ಹೈನುಗಾರ ಏನು ಮಾಡಬೇಕು ಅನ್ನೋ ಪ್ರಶ್ನೆ ಬಂದಾಗ ಬೆರಿ ಹಣ್ಣು ಬೆಳೆಯಲು ನೆರವಾದರು. ನಲವತ್ತು ವರ್ಷದಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದಯ ಸಾವು ಶೇಕಡಾ 80ಕ್ಕೂ ಹೆಚ್ಚು ಇಳಿಯಿತು.

ನೀಲಗಿರಿಯ ಗೆಳೆಯರಿಗೆ ಒಂದು ಮಾತು. ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಹುಟ್ಟಿದ್ದು ನಿಮ್ಮ ಕೂನೂರಿನಲ್ಲಿ, 1918ರಲ್ಲಿ, ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಅವರ ಒಂದು ಸಣ್ಣ ಕೋಣೆಯ ಪ್ರಯೋಗಾಲಯವಾಗಿ.

ಈಗ ನಾವು ಮಾಡುತ್ತಿರುವುದು ಇಷ್ಟು. ಪ್ರತಿ ಪಾಠಕ್ಕೆ ಒಂದು ಹಾಳಿ, ಕೈಬರಹದ ಕನ್ನಡ, ದಪ್ಪ ಅಕ್ಷರ. ಹಚ್ಚೋದು ಹಿಟ್ಟಿನ ಗಿರಣಿ ಗೋಡೆಗೆ, ಯಾಕಂದ್ರ ಅಲ್ಲಿ ಅವ್ವಗೋಳು ಪಾಳಿ ಹಚ್ಚಿ ನಿಂತಿರತಾರ, ಓದಾಕ ಬರದವರಿಗೆ ಓದು ಬಂದವರು ಹೇಳತಾರ. ಬರೆದದ್ದನ್ನ ಮೊದಲು ಒಬ್ಬ ಆರೋಗ್ಯ ಸೇವಿಕೆಗೆ ತೋರಿಸುತ್ತೇವೆ. ಮಾವನ ಸಂಗತಿ ಆದ ಮೇಲೆ ಅದು ಕಡ್ಡಾಯ. ಮೊದಲ ಹಾಳಿಯ ತಲೆಬರಹ "ಗುಳಿಗಿ ಬಿಡಬ್ಯಾಡ್ರಿ". ಎರಡನೆಯದು "ಚಹಾ ಎಷ್ಟು, ಚಮಚ ಎಷ್ಟು". ಮೂವತ್ತು ದಾಟಿದವರಿಗೆ ಉಪಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪುಕ್ಕಟೆ ನೋಡತಾರ ಅನ್ನೋದು ಮೂರನೆಯದು.

ಮುಂದಿನ ತಂಡ ಸುರು ಮಾಡುವವರಿಗೆ: ಸರ್ಕಾರದ ಸ್ವಯಂ ತಾಣದಲ್ಲೂ ಆಹಾರ, ಪೋಷಣೆಯ ಕೋರ್ಸುಗಳಿವೆ. ಕಲಿಯೋದು ಉಚಿತ, ಪ್ರಮಾಣಪತ್ರ ಬೇಕಂದ್ರ ಪರೀಕ್ಷೆ ಶುಲ್ಕ ಕಟ್ಟಬೇಕು. ಒಬ್ಬರೇ ಮಾಡಬ್ಯಾಡ್ರಿ, ಕನಿಷ್ಠ ಮೂವರು ಕೂಡ್ರಿ. ಕಾಸರಗೋಡಿನವರು ಕುಚ್ಚಲಕ್ಕಿ ಗಂಜಿಗೆ, ಮಡಕಶಿರಾದವರು ರಾಗಿ ಮುದ್ದೆಗೆ ಈ ಲೆಕ್ಕ ಕೂಡಿಸಿ ಬರೀರಿ, ನಮ್ಮ ಹಾಳಿ ನಿಮ್ಮಲ್ಲಿ ನಡೆಯಂಗಿಲ್ಲ. ನಮಗೆ ಒಂದು ಶಬ್ದವೂ ಬೇಕಾಗೈತಿ. 'ಇನ್ಸುಲಿನ್ ರೆಸಿಸ್ಟೆನ್ಸ್' ಅನ್ನೋದಕ್ಕ ನಾವು "ಮೈ ಇನ್ಸುಲಿನ್ ಮಾತು ಕೇಳಂಗಿಲ್ಲ" ಅಂತ ಬರೆದೀವಿ. ಗಿರಣಿಯಲ್ಲಿ ಒಬ್ಬ ಆಯಿ ಅದನ್ನ ಓದಿಸಿಕೊಂಡು, "ನನ್ನ ಸೊಸಿಯಂಗ" ಅಂದಳು. ಅದಕ್ಕಿಂತ ಚೊಲೋ ಶಬ್ದ ಯಾರಿಗಾದರೂ ಹೊಳೆದರ ಕಳಿಸ್ರಿ.