ಬಿಲ್ಲಿನ ಆಯ್ಕೆ, ಮಿತಿಯ ಆಯ್ಕೆ

(ಉಪನ್ಯಾಸವೊಂದರ ಲಿಖಿತ ರೂಪ)



ಬೇಟೆಯನ್ನು ಕಾನೂನು ನಿಷೇಧಿಸಿರುವ ನಾಡಿನಲ್ಲಿ ನಿಂತು ಬೇಟೆಯ ಬಿಲ್ಲನ್ನು ಆರಿಸಿಕೊಳ್ಳುವುದು ಹೇಗೆ ಎಂದು ಮಾತನಾಡಹೊರಟಿರುವುದು ನಿಮಗೆ ವಿಚಿತ್ರವೆನಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ, ಇವುಗಳ ನಂತರ ನಮ್ಮಲ್ಲಿ ಶಿಕಾರಿಯ ಕಾಲ ಮುಗಿಯಿತು. ಅದು ಮುಗಿದದ್ದೇ ಒಳ್ಳೆಯದು ಎಂದು ನಂಬಿದವರಲ್ಲಿ ನಾನೂ ಒಬ್ಬ. ಆದರೆ ಅಮೆರಿಕದಲ್ಲಿ ಇಂದಿಗೂ ಲಕ್ಷಾಂತರ ಜನ ಶರತ್ಕಾಲ ಬಂತೆಂದರೆ ಪರವಾನಗಿ ಪಡೆದು, ಬಿಲ್ಲು ಹಿಡಿದು ಜಿಂಕೆಯ ಬೇಟೆಗೆ ಹೋಗುತ್ತಾರೆ. ಅವರಲ್ಲಿ ಬಹುಮಂದಿಯ ಕೈಯಲ್ಲಿರುವುದು ಕಾಂಪೌಂಡ್ ಬಿಲ್ಲು. ಪ್ರತಿವರ್ಷ ಹೊಸ ಮಾದರಿಗಳು ಅಂಗಡಿಗೆ ಬರುತ್ತವೆ. ನಾವು ಸ್ಕೂಟರ್ ಕೊಳ್ಳುವಾಗ ಮೈಲೇಜು ಎಷ್ಟು ಎಂದು ಕೇಳುವ ಹಾಗೆ ಅಲ್ಲಿಯ ಗಿರಾಕಿ ಬಾಣದ ವೇಗ ಎಷ್ಟು ಎಂದು ಕೇಳುತ್ತಾನೆ.

ಈ ವ್ಯಾಪಾರದ ವಿವರಗಳ ಹಿಂದೆ ನಮಗೆಲ್ಲ ಸಂಬಂಧಿಸಿದ ಒಂದು ಪ್ರಶ್ನೆಯಿದೆ. ಆಯುಧದ ಶಕ್ತಿ ಹೆಚ್ಚಿದಾಗ ಅದನ್ನು ಹಿಡಿದವನ ಹೊಣೆ ಇಳಿಯುತ್ತದೆಯೆ, ಏರುತ್ತದೆಯೆ? ಬಿಲ್ಲಿನ ಕಥೆ ಇದಕ್ಕೆ ಸ್ಪಷ್ಟವಾದ ಉತ್ತರ ಕೊಡುತ್ತದೆ ಎಂದು ನನ್ನ ಭಾವನೆ.

ಹಳೆಯ ಬಿಲ್ಲಿನ ನಿಯಮ

ಹಳೆಯ ಬಿಲ್ಲಿನ ನಿಯಮ ಸರಳ. ಹೆದೆಯನ್ನು ಎಳೆದಷ್ಟೂ ಭಾರ ಹೆಚ್ಚುತ್ತದೆ. ಕಿವಿಯವರೆಗೆ ಎಳೆದು ಗುರಿ ನೋಡುವ ಹೊತ್ತಿಗೆ ಬಿಲ್ಲಿನ ಪೂರ್ಣ ಭಾರ ತೋಳಿನ ಮೇಲೆ, ಬೆನ್ನಿನ ಮೇಲೆ ಬಿದ್ದಿರುತ್ತದೆ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ 'ಮೇರಿ ರೋಸ್' ಎಂಬ ಯುದ್ಧನೌಕೆಯನ್ನು 1982ರಲ್ಲಿ ಸಮುದ್ರದಿಂದ ಮೇಲೆತ್ತಿದರು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಬಿಲ್ಲುಗಳನ್ನು ಪರೀಕ್ಷಿಸಿದವರು ಅವುಗಳಲ್ಲಿ ಬಹುಪಾಲನ್ನು ಎಳೆಯಲು 100 ಪೌಂಡಿಗೂ ಹೆಚ್ಚಿನ ಬಲ, ಎಂದರೆ 45 ಕಿಲೋಗಿಂತ ಹೆಚ್ಚಿನ ತೂಕ ಎತ್ತುವಷ್ಟು ಬಲ, ಬೇಕಿತ್ತೆಂದು ಲೆಕ್ಕ ಹಾಕಿದ್ದಾರೆ. ಹುಡುಗುತನದಿಂದ ಅಭ್ಯಾಸ ಮಾಡದವನಿಗೆ ಅದು ಬಗ್ಗುವ ಬಿಲ್ಲಲ್ಲ.

ಬೇಟೆಗೆ ಇಷ್ಟು ಬಲ ಬೇಕಿರಲಿಲ್ಲ. ಬೇಕಿದ್ದುದು ತಾಳ್ಮೆ. ಇದಕ್ಕೆ ಒಳ್ಳೆಯ ಸಾಕ್ಷಿ ಇಶಿ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಎಂಬಲ್ಲಿ, ಬಿಳಿಯರ ದಾಳಿಗಳಲ್ಲಿ ನಾಶವಾಗಿದ್ದ ಯಾಹಿ ಜನಾಂಗದ ಕೊನೆಯ ವ್ಯಕ್ತಿಯೊಬ್ಬ ಹಸಿದು ಊರಿಗೆ ಬಂದ. ತನ್ನ ಹೆಸರನ್ನು ತಾನೇ ಹೇಳುವ ಪದ್ಧತಿ ಅವನ ಜನರಲ್ಲಿರಲಿಲ್ಲ. ಆದ್ದರಿಂದ ಅವರ ಭಾಷೆಯಲ್ಲಿ 'ಮನುಷ್ಯ' ಎಂಬ ಅರ್ಥದ ಇಶಿ ಎಂಬ ಪದವೇ ಅವನಿಗೆ ಹೆಸರಾಯಿತು. ಸ್ಯಾನ್‌ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ನೆಲೆಸಿದ ಇಶಿಯ ಆರೋಗ್ಯ ನೋಡಿಕೊಳ್ಳುತ್ತಿದ್ದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲುಬಾಣ ಮಾಡುವುದನ್ನೂ ಬೇಟೆಯ ಕ್ರಮವನ್ನೂ ಕಲಿತರು. ಜೂನಿಪರ್ ಮರದ ಆ ಬಿಲ್ಲಿನ ಎಳೆತ ಸುಮಾರು 45 ಪೌಂಡ್ ಮಾತ್ರ. ದೂರದಿಂದ ಹೊಡೆಯುವುದು ಇಶಿಯ ಹೆಚ್ಚುಗಾರಿಕೆಯಾಗಿರಲಿಲ್ಲ. ಮೈಯ ವಾಸನೆ ತಾಗದಂತೆ, ಹೆಜ್ಜೆಯ ಸದ್ದಾಗದಂತೆ, ಪ್ರಾಣಿಯ ದನಿಯನ್ನು ಅನುಕರಿಸಿ ಅದನ್ನೇ ಹತ್ತಿರಕ್ಕೆ ಕರೆದುಕೊಳ್ಳುವುದು ಅವನ ವಿದ್ಯೆ. ಇಶಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. 1923ರಲ್ಲಿ ಪೋಪ್ ಪ್ರಕಟಿಸಿದ ಪುಸ್ತಕ ಅಮೆರಿಕದಲ್ಲಿ ಬಿಲ್ಲುಬೇಟೆಗೆ ಹೊಸ ಜೀವ ಕೊಟ್ಟಿತು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿಗೆಂದೇ ಜಿಂಕೆ ಬೇಟೆಯ ಋತುವನ್ನು ಗೊತ್ತುಮಾಡಿತು.

ಬಿಲ್ಲಿಗೆ ಬಂದ ರಾಟೆ

ಮುಂದಿನ ತಿರುವು ಬಂದದ್ದು ಮಿಸೌರಿ ರಾಜ್ಯದಿಂದ. ಹಾಲಿಸ್ ವಿಲ್ಬರ್ ಆಲೆನ್ ಎಂಬಾತ ಬಿಲ್ಲಿನ ತುದಿಗಳಿಗೆ ರಾಟೆಗಳನ್ನು ಜೋಡಿಸಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಬಾವಿಯ ರಾಟೆಯ ಅಚ್ಚು ನಟ್ಟನಡುವೆ ಇರುವುದರಿಂದ ಕೊಡ ಮೇಲೆ ಬರುವವರೆಗೂ ಭಾರ ಒಂದೇ ಸಮ. ಆಲೆನ್‌ರ ರಾಟೆಯ ಅಚ್ಚು ನಡುವಿನಲ್ಲಿಲ್ಲ, ಪಕ್ಕಕ್ಕಿದೆ. ಹಾಗಾಗಿ ಅದು ತಿರುಗಿದಂತೆಲ್ಲ ಸನ್ನೆಗೋಲಿನ ಅನುಕೂಲ ಬದಲಾಗುತ್ತದೆ. ಎಳೆಯತೊಡಗಿದಾಗ ಭಾರ ಬೇಗನೆ ಏರುತ್ತದೆ, ಸ್ವಲ್ಪ ದೂರ ಹಾಗೆಯೇ ನಿಲ್ಲುತ್ತದೆ, ಕೊನೆಯಲ್ಲಿ ಥಟ್ಟನೆ ಇಳಿಯುತ್ತದೆ. ಈಗಿನ ಬಿಲ್ಲುಗಳಲ್ಲಿ ಈ ಇಳಿತ ಶೇಕಡ 80ರ ಆಸುಪಾಸು. ಎಂದರೆ 60 ಪೌಂಡಿನ ಬಿಲ್ಲನ್ನು ಪೂರ್ತಿ ಎಳೆದು ನಿಂತವನ ಬೆರಳಿಗೆ ತಗಲುವ ಭಾರ 12 ಪೌಂಡ್, ಸುಮಾರು ಐದೂವರೆ ಕಿಲೋ. ಎಳೆಯುವಾಗ ಸುರಿದ ಶ್ರಮ ಮಾತ್ರ ಎಲ್ಲಿಯೂ ಹೋಗಿಲ್ಲ. ಅದು ಬಿಲ್ಲಿನ ಬಾಗಿದ ತೋಳುಗಳಲ್ಲಿ ಕೂತಿರುತ್ತದೆ. ಹೆದೆ ಬಿಟ್ಟೊಡನೆ ಬಾಣಕ್ಕೆ ಸೇರುತ್ತದೆ.

ಇದು ಬಿಲ್ಲೇ ಅಲ್ಲ, ಯಂತ್ರ ಎಂದು ಹಳಬರು ತಕರಾರು ತೆಗೆದರು. 1970ರ ದಶಕದಲ್ಲಿ ಈ ವಾದ ಜೋರಾಗಿಯೇ ನಡೆಯಿತು. ಪೋಪ್ ಮತ್ತು ಅವರ ಜೊತೆಗಾರ ಆರ್ಥರ್ ಯಂಗ್ ಹೆಸರಿನಲ್ಲಿ 1961ರಲ್ಲಿ ಹುಟ್ಟಿದ 'ಪೋಪ್ ಅಂಡ್ ಯಂಗ್ ಕ್ಲಬ್' ಬಿಲ್ಲುಬೇಟೆಯ ದಾಖಲೆಗಳನ್ನು ಇಡುತ್ತದೆ. ಅದು ಕಾಂಪೌಂಡ್ ಬಿಲ್ಲನ್ನು ಒಪ್ಪಿಕೊಂಡಿತು. ಆದರೆ ಭಾರದ ಇಳಿತ ಶೇಕಡ 65ಕ್ಕಿಂತ ಹೆಚ್ಚಿದ್ದರೆ ಆ ದಾಖಲೆಗೆ ನಕ್ಷತ್ರದ ಗುರುತು ಹಾಕುವ ಪದ್ಧತಿ ಇಟ್ಟುಕೊಂಡಿತು. ಯಂತ್ರವನ್ನು ತಡೆಯಲಾಗದಿದ್ದರೂ ಅದರ ಪಾಲು ಎಷ್ಟು ಎಂಬುದನ್ನು ಬರೆದಿಡಬೇಕು ಎಂಬ ನ್ಯಾಯ ಇದರಲ್ಲಿದೆ.

ಕೊಳ್ಳುವವನ ಮುಂದಿನ ಪ್ರಶ್ನೆಗಳು

ಈಗ ಅಂಗಡಿಗೆ ಬರೋಣ. ಮೊದಲ ಅಳತೆ ಎಳೆತದ ಉದ್ದ. ಹಳೆಯ ಬಿಲ್ಲನ್ನು ಯಾರು ಎಷ್ಟಾದರೂ ಎಳೆಯಬಹುದಿತ್ತು. ಕಾಂಪೌಂಡ್ ಬಿಲ್ಲಿನ ರಾಟೆ ಗೊತ್ತಾದ ಜಾಗದಲ್ಲಿ ನಿಂತುಬಿಡುತ್ತದೆ. ಆದ್ದರಿಂದ ದರ್ಜಿ ಅಂಗಿಗೆ ಅಳತೆ ತೆಗೆಯುವಂತೆ ಇಲ್ಲಿಯೂ ಮೈಯಳತೆ ಬೇಕು. ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ, ಒಂದು ಬೆರಳತುದಿಯಿಂದ ಇನ್ನೊಂದರವರೆಗೆ ಅಳೆದು ಎರಡೂವರೆಯಿಂದ ಭಾಗಿಸುವುದು ರೂಢಿಯ ಲೆಕ್ಕ. 70 ಅಂಗುಲ ಬಂದರೆ 28 ಅಂಗುಲದ ಎಳೆತ. ಉದ್ದ ಹೆಚ್ಚಾದರೆ ಬಾಣ ವೇಗವಾಗಿ ಹೋಗುತ್ತದೆಂದು ಅರ್ಧ ಅಂಗುಲ ಜಾಸ್ತಿ ಇಟ್ಟುಕೊಳ್ಳುವ ಆಸೆ ಹಲವರಿಗೆ. ಮೈಗೆ ಮೀರಿದ ಬಿಲ್ಲು ಗುರಿಯನ್ನು ಕೆಡಿಸುತ್ತದೆ.

ಎರಡನೆಯದು ಎಳೆತದ ಭಾರ. 70 ಪೌಂಡಿನ ಬಿಲ್ಲು ಎಂದು ಹೇಳಿಕೊಳ್ಳುವುದರಲ್ಲಿ ಒಂದು ಬಗೆಯ ಪೌರುಷವಿದೆ. ಆದರೆ ಅಂಗಡಿಯಲ್ಲಿ ನಾಲ್ಕು ಸಲ ಎಳೆಯುವುದು ಬೇರೆ, ಮರದ ಮೇಲಿನ ಅಟ್ಟಣೆಯಲ್ಲಿ ಚಳಿಗೆ ಮೂರು ತಾಸು ಮರಗಟ್ಟಿ ಕೂತು ಸದ್ದಿಲ್ಲದೆ ಒಂದೇ ಸಲ ಎಳೆಯುವುದು ಬೇರೆ. ಇದಕ್ಕೆ ಸುಲಭವಾದ ಪರೀಕ್ಷೆಯಿದೆ. ಕುರ್ಚಿಯ ಮೇಲೆ ಕೂತು, ಬಿಲ್ಲನ್ನು ಗುರಿಯ ಮಟ್ಟಕ್ಕೆ ಹಿಡಿದು, ಆಕಾಶಕ್ಕೆ ಎತ್ತದೆ ನೇರವಾಗಿ ಎಳೆಯಬೇಕು. ಆಗದಿದ್ದರೆ ಆ ಭಾರ ನಮ್ಮದಲ್ಲ. ಅಮೆರಿಕದ ಹಲವು ರಾಜ್ಯಗಳು ಜಿಂಕೆ ಬೇಟೆಗೆ ಕನಿಷ್ಠ ಭಾರವನ್ನು ನಿಗದಿಮಾಡಿವೆ. ಗರಿಷ್ಠವನ್ನು ಬೇಟೆಗಾರನ ವಿವೇಕವೇ ನಿಗದಿಮಾಡಬೇಕು.

ಮೂರನೆಯದು ವೇಗ. ಜಾಹೀರಾತುಗಳು ಸೆಕೆಂಡಿಗೆ 330, 340 ಅಡಿ ಎನ್ನುತ್ತವೆ. ಈ ಅಂಕಿಗಳು ಬರುವುದು 70 ಪೌಂಡ್ ಭಾರ, 30 ಅಂಗುಲ ಎಳೆತ, ತೀರ ಹಗುರವಾದ ಬಾಣ ಇರುವಾಗ. ಸಾಮಾನ್ಯ ಮನುಷ್ಯನ ಕೈಯಲ್ಲಿ, ಬೇಟೆಗೆ ತಕ್ಕ ತೂಕದ ಬಾಣಕ್ಕೆ 270 ಅಡಿ ಬಂದರೆ ಅದೇ ಸಾಕಷ್ಟು. ಈಗ ಒಂದು ಲೆಕ್ಕ ಮಾಡೋಣ. ಜಿಂಕೆ 30 ಗಜ ದೂರದಲ್ಲಿದೆ. ಆ ಬಾಣ ಅಲ್ಲಿಗೆ ತಲಪಲು ಸೆಕೆಂಡಿನ ಮೂರನೆಯ ಒಂದು ಭಾಗ ಬೇಕು. ಹೆದೆಯ ಸದ್ದಿಗೆ ಸೆಕೆಂಡಿನ ಹನ್ನೆರಡನೆಯ ಒಂದು ಭಾಗ ಸಾಕು. ಬಾಣಕ್ಕಿಂತ ಕಾಲು ಸೆಕೆಂಡು ಮೊದಲೇ ಸುದ್ದಿ ಮುಟ್ಟಿರುತ್ತದೆ! ಬೆದರಿದ ಜಿಂಕೆ ಓಡಲು ಮೊದಲು ಕಾಲು ಮಡಚಿ ಕುಸಿಯುತ್ತದೆ. ಪುಪ್ಪುಸಕ್ಕೆ ಬೀಳಬೇಕಿದ್ದ ಬಾಣ ಬೆನ್ನಿಗೆ ಬೀಳುತ್ತದೆ ಅಥವಾ ಮೇಲೆ ಹಾರಿಹೋಗುತ್ತದೆ. ಬಿಲ್ಲಿನ ವೇಗ ಎಷ್ಟೇ ಏರಿದರೂ ಶಬ್ದವನ್ನು ಹಿಂದೆ ಹಾಕಲಾರದು. ಆದ್ದರಿಂದ ಅನುಭವಿಗಳು ಅತಿ ವೇಗದ ಬಿಲ್ಲಿಗಿಂತ ಸದ್ದು ಕಡಿಮೆಯಿರುವ ಬಿಲ್ಲನ್ನೂ ಸ್ವಲ್ಪ ತೂಕದ ಬಾಣವನ್ನೂ ಮೆಚ್ಚುತ್ತಾರೆ. ತೂಕದ ಬಾಣ ನಿಧಾನವಾದರೂ ಆಳಕ್ಕೆ ಇಳಿಯುತ್ತದೆ, ಬಿಲ್ಲಿನ ಅದುರನ್ನೂ ತಗ್ಗಿಸುತ್ತದೆ.

ನಾಲ್ಕನೆಯದು ಬಿಲ್ಲಿನ ಆಕಾರ. ಒಂದು ರಾಟೆಯ ಅಚ್ಚಿನಿಂದ ಇನ್ನೊಂದರ ಅಚ್ಚಿಗೆ 30 ಅಂಗುಲದಷ್ಟಿದ್ದರೆ ಕೊಂಬೆಗಳ ನಡುವೆ ಆಡಿಸಲು ಸಲೀಸು. ಇನ್ನೂ ಉದ್ದವಿದ್ದರೆ ಕೈಯಲ್ಲಿ ಅಲುಗದೆ ನಿಲ್ಲುತ್ತದೆ. ಹಿಡಿಗೂ ಹೆದೆಗೂ ಇರುವ ಅಂತರ ಕಡಿಮೆಯಿದ್ದರೆ ವೇಗ ಹೆಚ್ಚು. ಆದರೆ ಬಾಣ ಹೆದೆಗೆ ಅಂಟಿಕೊಂಡಿರುವ ಹೊತ್ತೂ ಹೆಚ್ಚಾಗುವುದರಿಂದ ಕೈಯ ಚಿಕ್ಕ ತಪ್ಪೂ ಬಾಣಕ್ಕೆ ತಗಲುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು. ಇವೆಲ್ಲವನ್ನೂ ಕೂಡಿಸಿ ನೋಡಿದರೆ ಸ್ವಾರಸ್ಯದ ಸಂಗತಿಯೊಂದು ಹೊಳೆಯುತ್ತದೆ. ಅಂಗಡಿಯಲ್ಲಿ ಅತಿ ದೊಡ್ಡದಾಗಿ ಬರೆದಿರುವ ಅಂಕಿ ಯಾವುದೋ, ಕಾಡಿನಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬರುವುದೂ ಅದೇ.

ಗಾಯ ಮತ್ತು ಹೊಣೆ

ಇಷ್ಟು ಎಚ್ಚರ ಏತಕ್ಕೆ? ಬಾಣ ಗುಂಡಿನಂತಲ್ಲ. ಅದು ಕೊಲ್ಲುವುದು ರಕ್ತಸ್ರಾವದಿಂದ. ಹರಿತವಾದ ಅಲಗು ಹೃದಯ ಪುಪ್ಪುಸಗಳ ನಡುವೆ ಹಾಯ್ದರೆ ಪ್ರಾಣಿ ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತದೆ. ನಾಲ್ಕು ಬೆರಳು ಆಚೆಗೆ ಬಿದ್ದರೆ ತಾಸುಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುತ್ತದೆ. ಬಿಲ್ಲುಬೇಟೆಯ ಬಗ್ಗೆ ಇರುವ ಅತ್ಯಂತ ಗಂಭೀರವಾದ ಆಕ್ಷೇಪ ಇದೇ. ಉದ್ದ ಬಿಲ್ಲಿನಿಂದ 1415ರಲ್ಲಿ ಅಜಿನ್‌ಕೋರ್ಟ್ ಯುದ್ಧ ಗೆದ್ದ ಇಂಗ್ಲೆಂಡು ಇಂದು ಬಿಲ್ಲಿನಿಂದ ಕಾಡುಪ್ರಾಣಿಗಳನ್ನು ಕೊಲ್ಲುವುದನ್ನು ಒಪ್ಪುವುದಿಲ್ಲ. ಬ್ರಿಟನ್ನಿನ 1981ರ ಕಾಯ್ದೆ ಅದನ್ನು ನಿಷೇಧಿಸಿದೆ. ಅಮೆರಿಕ ಬೇರೆ ದಾರಿ ಹಿಡಿಯಿತು. ತೋಳಗಳು ಬಹುಭಾಗ ಅಳಿದುಹೋದ ಆ ನೆಲದಲ್ಲಿ ಜಿಂಕೆಗಳ ಸಂಖ್ಯೆಯನ್ನು ಹಿಡಿತದಲ್ಲಿಡಲು ನಿಯಂತ್ರಿತ ಬೇಟೆ ಬೇಕು ಎಂಬುದು ಅಲ್ಲಿಯ ವಾದ. ಅಲ್ಲಿ ನೆಲೆಸಿದ ನಮ್ಮವರಲ್ಲಿ ಹಿತ್ತಲಿನ ತರಕಾರಿಯನ್ನು ಜಿಂಕೆಗೆ ಒಪ್ಪಿಸಿದವರಿಗೆ ಈ ಸಂಖ್ಯೆಯ ಅನುಭವವಿರುತ್ತದೆ. ಬಿಲ್ಲುಗಳ ತಯಾರಕರಿಂದ ವಸೂಲಾಗುವ ಶೇಕಡ 11ರ ತೆರಿಗೆ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. ಬಂದೂಕಿಗೆ 1937ರ ಕಾನೂನಿನಿಂದ ಇದ್ದ ಈ ಬಗೆಯ ಏರ್ಪಾಡಿಗೆ 1972ರ ತಿದ್ದುಪಡಿ ಬಿಲ್ಲನ್ನೂ ಸೇರಿಸಿತು. ಈ ದಾರಿಯನ್ನು ನಾವು ಒಪ್ಪಬೇಕಿಲ್ಲ. ಆದರೆ ಒಪ್ಪಿದವರ ಮೇಲೆ ಬೀಳುವ ಹೊಣೆಯನ್ನು ಗುರುತಿಸಬೇಕು.

ಈ ಹೊಣೆ ನಮ್ಮ ಕಥೆಗಳಿಗೆ ಹೊಸದಲ್ಲ. ದಶರಥ ಶಬ್ದವೇಧಿ. ಸದ್ದು ಕೇಳಿ ಗುರಿ ಇಡಬಲ್ಲ. ಆ ಸಾಮರ್ಥ್ಯವೇ ಅವನಿಗೆ ಮುಳುವಾಯಿತು. ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ತಿಳಿದು ಬಿಟ್ಟ ಬಾಣ ಋಷಿಕುಮಾರನಿಗೆ ನಾಟಿತು. ಪಾಂಡು ಮಿಥುನದಲ್ಲಿದ್ದ ಜಿಂಕೆಗಳ ಮೇಲೆ ಬಾಣ ಬಿಟ್ಟು ಶಾಪ ಹೊತ್ತ. ಇಬ್ಬರ ಗುರಿಯೂ ತಪ್ಪಿರಲಿಲ್ಲ. ಬಾಣ ಬಿಡಬಹುದೆ ಎಂದು ಕೇಳಿಕೊಳ್ಳಬೇಕಾದ ಕ್ಷಣ ತಪ್ಪಿತ್ತು. ಕಣ್ಣಿಗೆ ಕಾಣದ್ದಕ್ಕೆ ಬಾಣ ಬಿಡಬಾರದು ಎಂಬುದು ಇಂದಿನ ಬೇಟೆಯ ತರಬೇತಿಯಲ್ಲೂ ಮೊದಲ ಪಾಠಗಳಲ್ಲೊಂದು.

ಭಾರತದಲ್ಲಿ ಈ ಬಿಲ್ಲು ಕ್ರೀಡಾಂಗಣಕ್ಕೆ ಸೇರಿದ್ದು. ಅಲ್ಲಿ ನಮ್ಮವರ ಸಾಧನೆ ಹೆಮ್ಮೆಪಡುವಂಥದು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಜ್ಯೋತಿ ಸುರೇಖಾ ವೆನ್ನಂ ಕಾಂಪೌಂಡ್ ವಿಭಾಗದಲ್ಲಿ ಮೂರು ಚಿನ್ನ ಗೆದ್ದರು. ಎರಡೂ ಕೈಗಳಿಲ್ಲದ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು, ರಾಕೇಶ್ ಕುಮಾರ್ ಜೊತೆಗೂಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ತಂದರು. ಕ್ರೀಡೆಯಲ್ಲಿ ಈ ಬಿಲ್ಲಿನ ಗುರಿ 50 ಮೀಟರ್ ದೂರದಲ್ಲಿರುತ್ತದೆ, ಹತ್ತು ಅಂಕದ ವೃತ್ತದ ಅಗಲ ಕೇವಲ 8 ಸೆಂಟಿಮೀಟರ್. ಇದನ್ನು ನೋಡಿ ಅಷ್ಟೇ ದೂರದ ಜಿಂಕೆಗೂ ಹೊಡೆಯಬಹುದೆಂದು ಯಾರಿಗಾದರೂ ತೋರೀತು. ಬಿಲ್ಲಿನಿಂದ ಸಾಧ್ಯ. ಆದರೆ ಕಾಗದದ ಗುರಿ ಸದ್ದಿಗೆ ಬೆದರುವುದಿಲ್ಲ, ತಪ್ಪಿದರೆ ನರಳುವುದೂ ಇಲ್ಲ.

ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರವಿಷ್ಟು. ಇಶಿಯ ಮಿತಿಯನ್ನು ಅವನ 45 ಪೌಂಡಿನ ಬಿಲ್ಲೇ ಕಾಯುತ್ತಿತ್ತು. ದೂರದಿಂದ ಹೊಡೆಯುವ ಪ್ರಲೋಭನೆಯನ್ನು ಆ ಬಿಲ್ಲು ಒಡ್ಡುತ್ತಿರಲಿಲ್ಲ. ಹೊಸ ಬಿಲ್ಲು ಆ ಕಾವಲನ್ನು ತೆಗೆದುಹಾಕಿದೆ. ಆ ಕೆಲಸವನ್ನು ಈಗ ಮನುಷ್ಯನೇ ಮಾಡಬೇಕು. ಯಾವ ಬಿಲ್ಲು ಕೊಳ್ಳಲಿ ಎಂದು ಕೇಳುವವನು ಅದಕ್ಕೆ ಮೊದಲು, ಎಷ್ಟು ದೂರದಾಚೆಗೆ ನಾನು ಬಾಣ ಬಿಡುವುದಿಲ್ಲ ಎಂಬುದನ್ನು ಗೊತ್ತುಮಾಡಿಕೊಂಡಿರಬೇಕು. ಆ ಅಂಕಿಯನ್ನು ಯಾವ ಕಂಪೆನಿಯೂ ಬಿಲ್ಲಿನ ಮೇಲೆ ಅಚ್ಚುಹಾಕಿ ಕೊಡುವುದಿಲ್ಲ.